ದೋಣಿಗೊಂದು ಹೊಸ್ತಿಲು

ದಾವಣಗೆರೆ ಮಂಡಿಪೇಟೆಯ ನಮ್ಮ ಮನೆಯಲ್ಲಿ ಬಚ್ಚಲಿಗೆ ಹೋಗಬೇಕಾದರೂ ಸರದಿ ಇತ್ತು. ಮೊದಲು ದೊಡ್ಡಪ್ಪ, ಆಮೇಲೆ ಅಪ್ಪ, ಆಮೇಲೆ ಅಣ್ಣಂದಿರು, ನಡುವೆ ಯಾರಾದರೂ ಬಂದಿಳಿದ ನೆಂಟರು, ಕೊನೆಗೆ ಹಂಡೆಯ ತಳ ಕಂಡ ಮೇಲೆ ನಾನು. ಮುಂದೆ ದಲಾಲಿ ಅಂಗಡಿ, ಹಿಂದೆ ಕಾಳಿನ ಗೋದಾಮು, ಎರಡರ ನಡುವೆ ಸಿಕ್ಕಿಕೊಂಡಿದ್ದ ಸಂಸಾರ ನಮ್ಮದು. ಆ ಮನೆಯಲ್ಲಿ ಯಾರೂ ತಮ್ಮ ಪಾಡಿಗೆ ತಾವು ಸೀನುವಂತೆಯೂ ಇರಲಿಲ್ಲ. ಒಬ್ಬರು ಸೀನಿದರೆ ನಾಲ್ಕು ಕೋಣೆಗಳಿಂದ ‘ಶಿವ ಶಿವಾ’ ಎಂದು ದನಿ ಬರುತ್ತಿತ್ತು.

ಅಂಥ ಮನೆಯ ಮಗನಾದ ನಾನು, ಐವತ್ತರ ದಶಕ ಮುಗಿಯುವ ಹೊತ್ತಿಗೆ, ವಾರದಲ್ಲಿ ಆರು ದಿನ ಹರಿಹರದ ಹೊಳೆಯಲ್ಲಿ, ಒಂದು ದೋಣಿಯ ಮೇಲೆ, ಒಬ್ಬನೇ ವಾಸವಾಗಿದ್ದೆ ಅಂದರೆ ನನ್ನ ಮೊಮ್ಮಕ್ಕಳು ನಂಬುವುದಿಲ್ಲ. ನಂಬದಿದ್ದರೆ ಬಿಡಲಿ. ಅವರಿಗೆ ಹೊಳೆಯ ಮೇಲೆ ಮಲಗಿದಾಗ ಬರುವ ನಿದ್ದೆಯ ರುಚಿ ಗೊತ್ತಿಲ್ಲ.

ಆಗ ಊರಿಗೆ ಕುಡಿಯುವ ನೀರು ಒದಗಿಸಲು ಹೊಳೆಯ ಪಾತ್ರದಲ್ಲೇ ದೊಡ್ಡದೊಂದು ಬಾವಿ ಇಳಿಸುವ ಕೆಲಸ ನಡೆದಿತ್ತು. ಆಳಕ್ಕೆ ಹೋದಷ್ಟೂ ಬಾವಿಗೆ ನೀರು ನುಗ್ಗುತ್ತಿತ್ತು. ಆ ನೀರನ್ನು ಹೊರಗೆ ಚೆಲ್ಲದೆ ತೋಡುವವರು ಒಳಗೆ ಇಳಿಯುವಂತಿರಲಿಲ್ಲ. ಕಂಟ್ರಾಕ್ಟರು ಎಲ್ಲಿಂದಲೋ ಒಂದು ಹಳೆಯ ದೋಣಿ ತರಿಸಿ, ಅದರ ಹೊಟ್ಟೆಯಲ್ಲಿ ಡೀಸೆಲ್ ಎಂಜಿನ್ನು ಮತ್ತು ಪಂಪು ಕೂರಿಸಿ, ಬಾವಿಯ ಪಕ್ಕ ಹಗ್ಗ ಕಟ್ಟಿ ನಿಲ್ಲಿಸಿದ್ದ. ಹಿಂದೊಮ್ಮೆ ಮೂಟೆ, ಎತ್ತು, ಕುರಿಗಳನ್ನು ದಾಟಿಸುತ್ತಿದ್ದ ದೋಣಿ ಅದು. ಅಗಲ ಕಡಿಮೆ, ಉದ್ದ ವಿಪರೀತ. ಹಿಂಭಾಗದಲ್ಲಿ ಹಲಗೆ ಹೊಡೆದು, ಮೇಲೆ ತಗಡು ಹೊದಿಸಿ ಒಂದು ಕೋಣೆ ಮಾಡಿದ್ದರು. ಎಂಜಿನ್ನು ನಡೆಸುವ ಕೆಲಸ ನನ್ನದು, ಹಾಗಾಗಿ ಆ ಕೋಣೆ ನನ್ನದು. ಆ ಎಂಜಿನ್ನೂ ನನ್ನದು ಎಂದೇ ನಾನು ತಿಳಿದಿದ್ದೆ.

ದಾವಣಗೆರೆ ಏನು ದೂರವೇ, ದಿನಾ ಹೋಗಿ ಬಾ ಎಂದು ಅವ್ವ ಗೋಗರೆದಳು. ಬೆಳಕು ಹರಿಯುವ ಮೊದಲೇ ನೀರು ಎತ್ತಲು ಶುರು ಮಾಡಬೇಕು, ರಾತ್ರಿ ಎಂಜಿನ್ನು ಕಾಯಬೇಕು ಎಂದು ನಾನು ಹೇಳಿದೆ. ಅದು ನಿಜವೇ. ಆದರೆ ಅದಕ್ಕಿಂತ ದೊಡ್ಡ ನಿಜ ಅಂದರೆ, ಹುಟ್ಟಿದಾಗಿನಿಂದ ಮೊದಲ ಸಲ ನನಗೆ ನನ್ನದೇ ಆದ ಬಾಗಿಲು ಸಿಕ್ಕಿತ್ತು. ಬೆಳಗ್ಗೆ ಎದ್ದು ಹೊಳೆಯಲ್ಲಿ ಮುಳುಗು ಹಾಕಿ, ವಿಭೂತಿ ಹಚ್ಚಿ, ಲಿಂಗಪೂಜೆಗೆ ಕೂತರೆ ಕೇಳುವವರಿಲ್ಲ. ಪೂಜೆಗೆ ನೀರು ಬೇಕೆಂದರೆ ಕೂತಲ್ಲಿಂದಲೇ ಕೈ ಚಾಚಿ ತಂಬಿಗೆ ಅದ್ದಿದರಾಯಿತು. ಸಣ್ಣ ಸೀಮೆಎಣ್ಣೆ ಸ್ಟೌ ಮೇಲೆ ಅನ್ನ, ಮೇಲೆ ಅವ್ವ ಕಟ್ಟಿಕೊಟ್ಟ ಶೇಂಗಾ ಚಟ್ನಿಪುಡಿ. ಉಣ್ಣುವಾಗ ‘ಇನ್ನೊಂದು ಹಾಕ್ಕೋ’ ಎಂದು ಜುಲುಮೆ ಮಾಡುವವರಿಲ್ಲ.

ಶನಿವಾರ ಸಂಜೆ ಬಸ್ಸು ಹತ್ತಿ ಮನೆಗೆ ಬರುತ್ತಿದ್ದೆ. ಬಾಗಿಲಲ್ಲೇ ಅತ್ತಿಗೆಯರು ಮೂಗು ಮುಚ್ಚಿಕೊಂಡು “ಬಂತವ್ವಾ, ಹೊಳಿ ಮೀನು ಬಂತು” ಎಂದು ನಗುತ್ತಿದ್ದರು. ಮೀನಿನ ವಾಸನೆಯೇ ಗೊತ್ತಿಲ್ಲದ ಮನೆಯಲ್ಲಿ ಆ ಹೆಸರು ನನಗೆ ಅಂಟಿಕೊಂಡಿತು. ಅಂದು ರಾತ್ರಿ ಗೋದಾಮಿನ ಪಕ್ಕದ ಕೋಣೆಯಲ್ಲಿ ಅಣ್ಣನ ಮಕ್ಕಳ ನಡುವೆ ಮಲಗಿದರೆ ನಿದ್ದೆ ಬರುತ್ತಿರಲಿಲ್ಲ. ನೆಲ ಅಲ್ಲಾಡುತ್ತಿರಲಿಲ್ಲ, ಅದೇ ತೊಂದರೆ.

ಹೀಗಿರುವಾಗ ಭಾನುವಳ್ಳಿಯಿಂದ ಒಂದು ಸಂಬಂಧ ಬಂತು. ಹೊಸದಾಗಿ ಕಾಲುವೆ ನೀರು ಕಂಡು ಭತ್ತ ಬೆಳೆಯಲು ಕಲಿತಿದ್ದ ಮನೆತನ. ಅಪ್ಪ, ದೊಡ್ಡಪ್ಪನ ಜೊತೆ ನಾನೂ ಹೆಣ್ಣು ನೋಡಲು ಹೋದೆ. ಹುಡುಗಿ ಅವಲಕ್ಕಿ ತಂದಿಟ್ಟು, ನಮಸ್ಕರಿಸಿ, ಒಳಗೆ ಹೋದಳು. ನಾನು ಕೈ ತೊಳೆಯಲು ಹಿತ್ತಿಲ ಕಡೆ ಹೋದಾಗ ಅಡುಗೆಮನೆಯ ಕಿಟಕಿಯಿಂದ ಒಂದು ಪ್ರಶ್ನೆ ಬಂತು.

“ದೋಣಿಯಾಗ ನಿದ್ದಿ ಬರ್ತೈತ್ರಿ?”

ನಾನು ಸುತ್ತಮುತ್ತ ನೋಡಿದೆ. ಕಿಟಕಿಯ ಸರಳಿನ ಹಿಂದೆ ಅವಳೇ.

“ಚಲೋ ಬರ್ತೈತೆ” ಅಂದೆ.

“ತೊಟ್ಟಿಲಾಗ ಮಲಗಿದಂಗ?”

“ಹ್ಞೂಂ.”

ಅವಳು ತಲೆಯಾಡಿಸಿ ಕಿಟಕಿಯಿಂದ ಮರೆಯಾದಳು. ನನ್ನ ಕೈಯಿಂದ ತಂಬಿಗೆಯ ನೀರು ಪೂರ್ತಿ ಕಾಲ ಮೇಲೆ ಸುರಿದುಹೋಗಿತ್ತು. ಮದುವೆಯಾದರೆ ಇವಳನ್ನೇ, ಇಲ್ಲದಿದ್ದರೆ ಯಾರೂ ಬೇಡ ಎಂದು ಅಲ್ಲೇ, ಆ ಬಾಳೆಗಿಡದ ಬುಡದಲ್ಲೇ ತೀರ್ಮಾನಿಸಿಬಿಟ್ಟೆ. ನನ್ನ ಸ್ವಭಾವವೇ ಹಾಗೆ. ಸಿಟ್ಟು ಬಂದರೂ ಬೇಗ, ಆಸೆ ಬಂದರೂ ಬೇಗ.

ಇನ್ನು ಅವರ ಕಡೆಯವರು ನಮ್ಮ ಮನೆ ನೋಡಲು ಬರಬೇಕು. ಅವ್ವ ಮಂಡಿಪೇಟೆ ಮನೆಗೆ ಸುಣ್ಣ ಬಳಿಸಿದಳು, ದೊಡ್ಡಪ್ಪ ಗೋದಾಮಿನ ಚೀಲಗಳನ್ನು ನೆಟ್ಟಗೆ ಪೇರಿಸಿ ಇಡಿಸಿದರು. ಅಷ್ಟರಲ್ಲಿ ಹುಡುಗಿಯ ಅಜ್ಜಿ ಹೇಳಿಕಳಿಸಿದರು: ಗಂಡು ವಾರದಾಗ ಆರು ದಿನ ಇರೋದು ಎಲ್ಲಿ? ಹೊಳಿಯಾಗ. ಹಂಗಾದ್ರೆ ನಾವು ಮೊದಲು ನೋಡೋದು ಅದನ್ನೇ.

ನಮ್ಮ ಮನೆಯಲ್ಲಿ ಕೋಲಾಹಲ. “ಆ ತಗಡಿನ ಡಬ್ಬಿ ತೋರಿಸಿದ್ರೆ ಹೆಣ್ಣು ಕೊಟ್ಟಂಗೇ!” ಎಂದು ಅಪ್ಪ ನನ್ನನ್ನೇ ದುರುಗುಟ್ಟಿಕೊಂಡು ನೋಡಿದರು. ಕೊನೆಗೆ ನನಗೊಂದು ಪಾಠ ಕಲಿಸಿದರು. ದೋಣಿ ಕಾಯಂ ಅಲ್ಲ ಅನ್ನಬೇಕು. ಹುಡುಗಿ ಮಂಡಿಪೇಟೆ ಮನೆಯಲ್ಲೇ ಅತ್ತೆ, ವಾರಗಿತ್ತಿಯರ ಜೊತೆ ಸುಖವಾಗಿ ಇರುತ್ತಾಳೆ ಅನ್ನಬೇಕು. ಅವಳು ಆ ದೋಣಿಗೆ ಕಾಲೇ ಇಡಬೇಕಾಗಿಲ್ಲ ಎಂದು ಒತ್ತಿ ಒತ್ತಿ ಹೇಳಬೇಕು.

ನಮ್ಮ ಜೊತೆಗೇ ಇದ್ದ ಸೋದರತ್ತೆಗೆ ಇಷ್ಟಕ್ಕೆ ಸಮಾಧಾನವಾಗಲಿಲ್ಲ. “ಅದಕ್ಕೆ ಹೊಸ್ತಿಲು ಐತೇನೋ?” ಎಂದು ಕೇಳಿದಳು.

“ದೋಣಿಗೆ ಎಲ್ಲಿಯ ಹೊಸ್ತಿಲು ಅತ್ತೆ?”

“ಹೊಸ್ತಿಲಿಲ್ಲ ಅಂದ್ರೆ ಅದು ಮನೀನೇ ಅಲ್ಲ, ಕೊಟ್ಟಿಗಿ. ಆ ಮುದುಕಿ ಮೊದಲು ನೋಡೋದೇ ಅದನ್ನ. ಒಂದು ಹೊಸ್ತಿಲು ಹಾಕು.”

ಅತ್ತೆ ಹೇಳಿದ ಮೇಲೆ ಮುಗಿಯಿತು. ಮರದ ಅಡ್ಡೆಗೆ ಹೋಗಿ ಸಾಗವಾನಿಯ ತುಂಡೊಂದನ್ನು ಕೊಯ್ಸಿಕೊಂಡು ಬಂದೆ. ಅತ್ತೆ ಅದಕ್ಕೆ ಅರಿಶಿನ ಬಳಿದು, ವಿಭೂತಿಯ ಮೂರು ಗೆರೆ ಎಳೆದು, ಕುಂಕುಮ ಇಟ್ಟು, ಗೋಣಿಯಲ್ಲಿ ಸುತ್ತಿಕೊಟ್ಟಳು. ಹೆಗಲ ಮೇಲೆ ಇಟ್ಟುಕೊಂಡು ಬಸ್ಸು ಹತ್ತಿದೆ.

“ಏನ್ರಿ ಅದು ಉದ್ದಾಕೆ?” ಎಂದ ಕಂಡಕ್ಟರು.

“ಹೊಸ್ತಿಲು.”

“ಓಹೋ, ಮನಿ ಕಟ್ಸಾಕತ್ತೀರೇನು? ಎಲ್ಲಿ?”

“ನೀರಾಗೆ” ಅಂದೆ. ಅವನು ನನ್ನ ಮುಖವನ್ನೊಮ್ಮೆ ನೋಡಿ, ಮುಂದಿನ ಸೀಟಿಗೆ ಹೋದ.

ಶನಿವಾರ ಸಂಜೆ ಕೆಲಸದವರೆಲ್ಲ ಹೋದ ಮೇಲೆ ಹೊಸ್ತಿಲು ಬಡಿಯಲು ಕೂತೆ. ಕೋಣೆಯ ಬಾಗಿಲು ಅಂದರೆ ಒಂದು ತಗಡಿನ ಹಾಳೆ, ಅದರ ಕೆಳಗೆ ನೆಲದ ಹಲಗೆ. ಸಾಗವಾನಿ ದಪ್ಪಗಿತ್ತು, ಹಾಗಾಗಿ ಉದ್ದನೆಯ ಮೊಳೆಗಳನ್ನೇ ಆರಿಸಿಕೊಂಡೆ. ಹೊಡೆಯುತ್ತಾ ಹೊಡೆಯುತ್ತಾ ಮನಸ್ಸು ಎಲ್ಲೆಲ್ಲೋ ಹೋಯಿತು. ಮನೆಯವರು ಕಲಿಸಿದ ಪಾಠ ಬಾಯಿಪಾಠವಾಗಿತ್ತು, ಆದರೆ ಅದರಲ್ಲಿ ಒಂದು ಮಾತೂ ನನ್ನದಾಗಿರಲಿಲ್ಲ. ಇಲ್ಲಿ, ಈ ತಗಡಿನ ಬಾಗಿಲಲ್ಲಿ ಅವಳು ನಿಂತಂತೆ, ಸೇತುವೆಯ ಮೇಲೆ ಹೋಗುವ ಗಾಡಿಗಳನ್ನು ನೋಡಿದಂತೆ, ಸಂಜೆ ದೇವಸ್ಥಾನದ ಗಂಟೆ ಕೇಳಿ ‘ಎಷ್ಟೊತ್ತಾತು, ಉಣ್ಣಾಕೆ ಬರ್ರಿ’ ಅಂದಂತೆ ಏನೇನೋ ಕಲ್ಪಿಸಿಕೊಂಡೆ. ನನಗೆ ಅವಳು ಮಂಡಿಪೇಟೆಯಲ್ಲಿ ಬೇಕಾಗಿರಲಿಲ್ಲ, ಇಲ್ಲಿ ಬೇಕಾಗಿತ್ತು. ಅದನ್ನು ಯಾರ ಮುಂದೆಯೂ ಹೇಳುವಂತಿರಲಿಲ್ಲ. ಆ ಉಮೇದಿನಲ್ಲಿ ಕೊನೆಯ ಮೊಳೆಗೆ ಬೇಕಿದ್ದಕ್ಕಿಂತ ನಾಲ್ಕು ಏಟು ಹೆಚ್ಚೇ ಬಿತ್ತು.

ಭಾನುವಾರ ಬೆಳಗ್ಗೆ ಬಂದರು. ಹುಡುಗಿಯ ಅಜ್ಜಿ, ಹುಡುಗಿಯ ತಂದೆ, ನಮ್ಮ ಕಡೆಯಿಂದ ಸೋದರತ್ತೆ. ದಡದಿಂದ ದೋಣಿಗೆ ಬರಲು ಹರಿಗೋಲೇ ಗತಿ. ಅಜ್ಜಿ ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿಕೊಂಡು ಬಂಡಿ ಹತ್ತಿದಷ್ಟೇ ಸಲೀಸಾಗಿ ಅದರಲ್ಲಿ ಕೂತರು. ನಮ್ಮ ಅತ್ತೆ ಮಾತ್ರ ಒಂದು ಕಾಲು ಎತ್ತಿ, ಹರಿಗೋಲು ಬುಗುರಿಯಂತೆ ತಿರುಗಿದ್ದು ಕಂಡು, ಕಾಲು ವಾಪಸ್ಸು ತೆಗೆದುಕೊಂಡಳು. “ನಾನು ಇಲ್ಲೇ ಬಂಡೆ ಮೇಲೆ ಕುಂತಿರ್ತೀನಿ. ನೀವು ಹೋಗಿ ಬರ್ರಿ” ಎಂದು ಕೊಡೆ ಬಿಚ್ಚಿದಳು. ಹೊಸ್ತಿಲಿಗೆ ಅಷ್ಟು ಹಟ ಹಿಡಿದವಳು ಅದನ್ನು ನೋಡಲೂ ಬರಲಿಲ್ಲ ಎಂದು ನನಗೆ ಮೈಯೆಲ್ಲ ಉರಿಯಿತು.

ಅಜ್ಜಿ ಹೊಸ್ತಿಲ ಮುಂದೆ ಒಂದು ಗಳಿಗೆ ನಿಂತರು. ಬಗ್ಗಿ, ಬೆರಳಿನಿಂದ ಮುಟ್ಟಿ, ಕಣ್ಣಿಗೊತ್ತಿಕೊಂಡರು. ಆಮೇಲೆ ಅದನ್ನು ತುಳಿಯದೆ ದಾಟಿ ಒಳಗೆ ಬಂದು ನನ್ನ ಮಂಚದ ಮೇಲೆ ಕೂತರು. ಹುಡುಗಿಯ ತಂದೆ ಮಾತು ಕಡಿಮೆಯ ಮನುಷ್ಯ. ಕೋಣೆಯ ಕಡೆ ನೋಡದೆ ನೇರ ಎಂಜಿನ್ನಿನ ಹತ್ತಿರ ಹೋಗಿ ಅದರ ಸುತ್ತ ಸಂತೆಯಲ್ಲಿ ಹೋರಿ ನೋಡುವವರಂತೆ ಸುತ್ತು ಹಾಕಿದರು.

“ಅಜ್ಜೀ, ಒಂಚೂರು ಮಜ್ಜಿಗಿ ಕುಡೀರಿ” ಅಂದೆ.

“ಬ್ಯಾಡಪ್ಪ. ಈಗ ಕುಡಿದೇ ಬಂದೀವಿ.”

ಅವರು ಬೇಡ ಅನ್ನುತ್ತಾರೆಂದು ನನಗೆ ಗೊತ್ತಿತ್ತು. ನಮ್ಮಲ್ಲಿ ಹೆಣ್ಣಿನ ಕಡೆಯವರು ಮನೆ ನೋಡಲು ಬಂದಾಗ, ಮನಸ್ಸು ಒಪ್ಪುವವರೆಗೆ ಅಲ್ಲಿ ತೊಟ್ಟು ನೀರೂ ಮುಟ್ಟುವುದಿಲ್ಲ. ಏನಾದರೂ ಬಾಯಿಗೆ ಹಾಕಿಕೊಂಡರು ಅಂದರೆ ಸಂಬಂಧ ಕುದುರಿತು. ಹಾಗೇ ಎದ್ದು ಹೋದರೆ, ಇಲ್ಲ ಎಂದು ಯಾರೂ ಬಾಯಿಬಿಟ್ಟು ಹೇಳುವ ಕಷ್ಟವಿಲ್ಲ. ಮಜ್ಜಿಗೆಯ ಲೋಟವನ್ನು ಅವರ ಪಕ್ಕದಲ್ಲೇ ಇಟ್ಟು ಪಾಠ ಶುರು ಮಾಡಿದೆ.

“ನೋಡ್ರಿ ಅಜ್ಜಿ, ಇದೇನು ಕಾಯಂ ಅಲ್ಲ. ಬಾವಿ ಕೆಲಸ ಮುಗಿಯೋತನಕ ಅಷ್ಟೆ. ನಿಮ್ಮ ಹುಡುಗಿ ಮಂಡಿಪೇಟಿ ಮನಿಯಾಗೇ ಇರ್ತಾಳೆ. ಅಲ್ಲಿ ನಮ್ಮವ್ವ ಇದಾಳೆ, ಅತ್ತಿಗೇರು ಇದಾರೆ, ಒಬ್ಬಳೇ ಅನ್ನೋ ಮಾತೇ ಇಲ್ಲ.”

“ಹ್ಞೂಂ” ಅಂದರು ಅಜ್ಜಿ.

“ದಿನಾ ಮನಿ ತುಂಬ ಜನ. ಬೇಜಾರು ಅಂದ್ರೇನು ಅಂತ ಗೊತ್ತಾಗಲ್ಲ.”

“ಹ್ಞೂಂ.”

“ಇಲ್ಲಿಗೆ ಆಕಿ ಕಾಲೇ ಇಡಬೇಕಾಗಿಲ್ಲ.”

ನಾನು ಒಂದೊಂದು ಮಾತು ಆಡಿದಂತೆ ಅವರ ಮುಖ ಸಪ್ಪಗಾಗುತ್ತಿತ್ತು. ಇವರಿಗೆ ನಂಬಿಕೆ ಬರುತ್ತಿಲ್ಲ ಎಂದುಕೊಂಡು ನಾನು ಇನ್ನೂ ಜೋರಾಗಿ, ಆಣೆ ಪ್ರಮಾಣ ಮಾಡಿ, ಕಾಲೇ ಇಡುವುದಿಲ್ಲ ಎಂದು ಮತ್ತೆ ಹೇಳಿದೆ. ಅಜ್ಜಿ ಲೋಟವನ್ನು ಸ್ವಲ್ಪ ಆಚೆ ಸರಿಸಿದರು. “ಹೋಗಾಣೇನಪ್ಪ?” ಎಂದು ಮಗನನ್ನು ಕರೆಯಲು ಅವರು ಕಾಲು ಕೆಳಗಿಟ್ಟರು, ತಕ್ಷಣ ಮೇಲೆ ಎಳೆದುಕೊಂಡರು.

“ತಮ್ಮಾ, ನಿನ್ನ ಮನಿಯಾಗೆ ನೀರು ಬಂದೈತೆ.”

ನೋಡಿದರೆ ಹಲಗೆಗಳ ಸಂದಿಯಿಂದ ನೀರು ಮೆಲ್ಲಗೆ ಮೇಲೆ ಬರುತ್ತಿತ್ತು. ನನಗೆ ಒಂದೇ ಏಟಿಗೆ ಎಲ್ಲ ಅರ್ಥವಾಯಿತು. ಬಾಗಿಲ ಹತ್ತಿರ ನೆಲದ ಹಲಗೆ ನೇರವಾಗಿ ದೋಣಿಯ ತಳಕ್ಕೇ ಕೂತಿತ್ತು. ನನ್ನ ಉದ್ದನೆಯ ಮೊಳೆ ತಳದ ಹಲಗೆಯನ್ನು ಸೀಳಿತ್ತು. ರಾತ್ರಿಯೆಲ್ಲ ನೀರು ಸದ್ದಿಲ್ಲದೆ ಕೆಳಗೆ ಸೇರಿಕೊಂಡಿತ್ತು, ಈಗ ಮೂವರ ಭಾರಕ್ಕೆ ಮೇಲೆ ಬಂದಿತ್ತು. ಹೊಳೆಯ ಮೇಲೆ ಇರುವವನು ದೋಣಿಯ ತಳಕ್ಕೆ ಮೊಳೆ ಹೊಡೆದಿದ್ದ, ಅದೂ ಅರಿಶಿನ ಕುಂಕುಮ ಹಚ್ಚಿ.

ಆಮೇಲೆ ನಾನು ಅಳಿಯನಾಗಲು ಹೊರಟವನು ಅನ್ನುವುದು ಮರೆತೇಹೋಯಿತು. ಪಂಚೆ ಎತ್ತಿ ಕಟ್ಟಿ, ನೆಲದ ಹಲಗೆಯೊಂದನ್ನು ಕಿತ್ತೆ. ಹೊಸ ಶರಟನ್ನು ಬಿಚ್ಚಿ, ಗ್ರೀಸಿನ ಡಬ್ಬಿಯಲ್ಲಿ ಅದ್ದಿ, ಸೀಳಿದ ಜಾಗಕ್ಕೆ ತುರುಕಿದೆ. “ಅಣ್ಣಾರೆ, ಆ ಪೈಪು ಹಿಡೀರಿ!” ಎಂದು ಹುಡುಗಿಯ ತಂದೆಗೆ ಕೂಗಿದೆ. ಅವರು ಪಟಪಟನೆ ಓಡಿಬಂದು ಬಾವಿಗೆ ಇಳಿಬಿಟ್ಟಿದ್ದ ಪೈಪಿನ ಬಾಯನ್ನು ಎಳೆದು ನಮ್ಮದೇ ದೋಣಿಯ ಹೊಟ್ಟೆಗೆ ಇಳಿಸಿದರು. ನಾನು ಹ್ಯಾಂಡಲ್ ತಿರುವಿದೆ. ಎಂಜಿನ್ನು ಎರಡು ಸಲ ಕೆಮ್ಮಿ ಹೊತ್ತಿಕೊಂಡಿತು. ದಡದ ಮೇಲೆ ಅತ್ತೆ ಎದ್ದು ನಿಂತು, ಕೊಡೆ ಬೀಸುತ್ತಾ, ಏನೋ ಕೂಗುತ್ತಿದ್ದಳು. ಅವಳ ಮಾತು ಎಂಜಿನ್ನಿನ ಸದ್ದಿನಲ್ಲಿ ಕೇಳಲಿಲ್ಲ, ಅದೊಂದು ಪುಣ್ಯ.

ಅಜ್ಜಿ ಮಾತ್ರ ಮಂಚದ ಮೇಲೆ ಕಾಲು ಮಡಚಿಕೊಂಡು ಕೂತೇ ಇದ್ದರು. ನೀರು ಏರಿದಾಗಲೂ ಅಲ್ಲೇ, ಇಳಿದಾಗಲೂ ಅಲ್ಲೇ. ನೆಲ ಕಂಡ ಮೇಲೆ ನಾನು ಎಂಜಿನ್ನು ನಿಲ್ಲಿಸಿದೆ. ಹೊಳೆಯ ಮೇಲೆ ಒಮ್ಮೆಲೇ ಸದ್ದಡಗಿತು. ನಾನು ಬನಿಯನ್ನಿನಲ್ಲಿ, ಮೊಣಕೈವರೆಗೆ ಗ್ರೀಸು ಮೆತ್ತಿಕೊಂಡು ನಿಂತಿದ್ದೆ. ಇನ್ನು ಕಳೆದುಕೊಳ್ಳಲು ಏನೂ ಉಳಿದಿಲ್ಲ ಅನ್ನಿಸಿತು.

“ಏನಾಗಿತ್ತು?” ಎಂದರು ಅಜ್ಜಿ.

“ಹೊಸ್ತಿಲಿನ ಮೊಳಿ ಅಜ್ಜಿ. ನಾನೇ ನಿನ್ನೆ ಬಡಿದೆ.”

“ನಮ್ಮ ಹುಡುಗಿ ಇಲ್ಲಿ ಕಾಲೇ ಇಡಲ್ಲ ಅಂದಿ.”

“ಹೌದು.”

“ಮತ್ತೆ ಹೊಸ್ತಿಲು ಯಾರಿಗೆ ಬಡಿದಿ?”

“ನಮ್ಮತ್ತೆ ಹೇಳಿದ್ಲು, ಹೊಸ್ತಿಲು...”

“ಅತ್ತಿ ಮಾತು ಅತ್ತಾಗಿರ್ಲಿ. ನಿನ್ನ ಮಾತು ಹೇಳು.”

ನನಗೆ ಆ ಹೊತ್ತಿಗೆ ಮನೆಯವರ ಪಾಠ ಪೂರ್ತಿ ಮರೆತಿತ್ತು. “ಆಕಿ ಬಂದಾಳು ಅಂತ ಅಜ್ಜಿ” ಅಂದೆ. “ನಾಕು ದಿನಾನಾದ್ರೂ ಇಲ್ಲಿ ಬಂದಿದ್ರೆ ಚಲೋ ಇತ್ತು ಅನ್ನೋ ಆಸೆ. ದೊಡ್ಡ ಮನಿ ಬಿಟ್ಟು ಈ ತಗಡಿನ ಕೆಳಗೆ ಬಾ ಅಂತ ಯಾವ ಬಾಯಾಗ ಕೇಳ್ಲಿ?”

ಹೇಳಿ ತಲೆ ತಗ್ಗಿಸಿದೆ. ನಾಚಿಕೆಯಾಗಿತ್ತು, ದುಃಖವೂ ಆಗಿತ್ತು.

ಅಜ್ಜಿ ಮಗನ ಕಡೆ ತಿರುಗಿ “ಕೇಳಿದೇನೋ?” ಅಂದರು. ಆಮೇಲೆ ನನಗೆ ಬೈಯಲು ಶುರು ಮಾಡಿದರು. “ಮುಂಜಾನಿಂದ ಕಾಲಿಡಲ್ಲ, ಕಾಲಿಡಲ್ಲ ಅಂತ ಒಂದೇ ರಾಗ ಹಾಡ್ತೀಯಲ್ಲ, ಈ ಮಾತು ಮೊದಲೇ ಆಡಾಕೆ ಏನಾಗಿತ್ತು? ನಮ್ಮ ಹುಡುಗಿ ಮನಿಯಾಗೆ ಹಟ ಹಿಡಿದು ಕುಂತೈತೆ. ‘ಮಂಡಿಪೇಟಿ ಮನಿಯಾಗೆ ಊರು ಮಂದಿಗೆ ರೊಟ್ಟಿ ಬಡೀತಾ, ಗಂಡನ ಮುಖ ಬರೀ ಐತವಾರ ನೋಡೋ ಬಾಳು ನಂಗೆ ಬ್ಯಾಡ. ಆ ದೋಣಿಯಾಗ ಇಬ್ಬರಿಗೆ ಜಾಗ ಐತಾ ನೋಡ್ಕೊಂಡು ಬಾ, ಇದ್ರೆ ಹ್ಞೂಂ ಅನ್ನು, ಇಲ್ಲಾಂದ್ರೆ ಎದ್ದು ಬಾ’ ಅಂತ ನನ್ನ ಕಳ್ಸೈತೆ.”

ಹುಡುಗಿಯ ತಂದೆ ಪೈಪನ್ನು ಕೈಯಲ್ಲಿ ಹಿಡಿದುಕೊಂಡೇ ನಗಲು ಶುರು ಮಾಡಿದರು.

“ಜಾಗೇನೋ ಐತೆ” ಎಂದು ಅಜ್ಜಿ ಮಂಚವನ್ನು ತಟ್ಟಿ ನೋಡಿದರು. “ಹಸಿವಾಗೈತೆ. ತಿನ್ನಾಕೆ ಏನಿಟ್ಟೀಯ?”

ಆ ಮಾತಿಗೆ ನನ್ನ ಕಣ್ಣು ತುಂಬಿಬಂತು. ಗ್ರೀಸಿನ ಕೈಯಿಂದ ಒರೆಸಿಕೊಂಡು ಮುಖವನ್ನೂ ಕಪ್ಪು ಮಾಡಿಕೊಂಡೆ. ಆದರೆ ತಿನ್ನಲು ಏನಿದೆ? ಅವರು ಮುಟ್ಟುವುದಿಲ್ಲ ಎಂಬ ಧೈರ್ಯದಲ್ಲಿ ನಾನು ಏನೂ ಮಾಡಿಟ್ಟಿರಲಿಲ್ಲ. ಮಜ್ಜಿಗೆಯ ಲೋಟ ಗಡಿಬಿಡಿಯಲ್ಲಿ ಉರುಳಿಹೋಗಿತ್ತು. ಹುಡುಕಾಡಿದಾಗ ಡಬ್ಬಿಯಲ್ಲಿ ಮಂಡಕ್ಕಿ ಸಿಕ್ಕಿತು. ಹೊಳೆಯ ಥಂಡಿಗೆ ಮೆತ್ತಗಾಗಿತ್ತು. ಅದಕ್ಕೇ ಚಟ್ನಿಪುಡಿ, ಒಂದು ಈರುಳ್ಳಿ ಹಾಕಿ ಕಲೆಸಿದೆ. ಕೈ ಎಷ್ಟು ತೊಳೆದರೂ ಎಣ್ಣೆಯ ವಾಸನೆ ಹೋಗಿರಲಿಲ್ಲ. ಅಜ್ಜಿ ಒಂದು ಹಿಡಿ ಬಾಯಿಗೆ ಹಾಕಿ, ನಿಧಾನವಾಗಿ ಅಗಿದು, “ಅಡಿಗಿ ಮಾತ್ರ ನಮ್ಮ ಹುಡುಗೀನೇ ಮಾಡ್ಲಿ” ಅಂದರು. ಇನ್ನೊಂದು ಹಿಡಿಯನ್ನು ಸೆರಗಿನ ತುದಿಯಲ್ಲಿ ಗಂಟು ಹಾಕಿಕೊಂಡರು.

“ಅದ್ಯಾಕಜ್ಜಿ?”

“ಕಳ್ಸಿದಾಕಿಗೆ.”

ಅಂದು ಸಂಜೆ ಭಾನುವಳ್ಳಿಯಲ್ಲಿ ಏನಾಯಿತು ಅನ್ನುವುದನ್ನು ನನ್ನ ಹೆಂಡತಿ ಎಷ್ಟೋ ಸಲ ಹೇಳಿದ್ದಾಳೆ. ಅಜ್ಜಿ ಅಂಗಳದಲ್ಲಿ ಕೂತು ಸೆರಗಿನ ಗಂಟು ಬಿಚ್ಚಿದರಂತೆ. ಮನೆಯ ಮಕ್ಕಳೆಲ್ಲ ನನಗೆ ನನಗೆ ಎಂದು ಕೈ ಚಾಚಿದವಂತೆ. ಸಿಕ್ಕಿದ್ದನ್ನೆಲ್ಲ ಹಂಚಿ ತಿಂದು ಬೆಳೆದ ಹುಡುಗಿ, ಅವತ್ತು ಆ ಮೆತ್ತಗಿನ, ಎಣ್ಣೆ ವಾಸನೆಯ ಮಂಡಕ್ಕಿಯನ್ನು ಮುಷ್ಟಿಯಲ್ಲಿ ಹಿಡಿದು, ಹುಲ್ಲಿನ ಬಣವೆಯ ಹಿಂದೆ ಹೋಗಿ, ಯಾರಿಗೂ ಒಂದು ಕಾಳು ಕೊಡದೆ ಒಬ್ಬಳೇ ತಿಂದಳಂತೆ.